ಬಾವುಟದ ಬಣ್ಣ

ನೈರ್ ಟೀವಿಯ ಬೆನ್ನಿಗೆ ಕೈ ತೂರಿಸಿ ಸ್ವಿಚ್ಚಿಗಾಗಿ ತಡಕಾಡುತ್ತಿದ್ದಳು. ಅದೇ ಕೋಣೆಯಲ್ಲಿ ಅಪ್ಪ ಅಲ್ಸೀಡಿಸ್ ಶವಪೆಟ್ಟಿಗೆಯೊಳಗೆ ಮಲಗಿದ್ದ. ಹತ್ತಕ್ಕೆ ಗಾಡಿ ಬರುವುದಿತ್ತು.

“ಮಣ್ಣಿಗೆ ಹೋಗೋ ಮುಂಚೆ ಅಪ್ಪ ಮಗ ಒಂದ್ಸಲ ಒಂದೇ ಕೋಣೇಲಿ ಇರ್ಲಿ ಕಣೇ. ಆ ಟೇಪು ಹಾಕು,” ಎಂದು ಹಟ ಹಿಡಿದ ಅಮ್ಮ ಎರ್ಸೀಲಿಯಾ ಕಪ್ಪು ಉಡುಪು ತೊಡಲು ಒಳಗೆ ಹೋಗಿದ್ದಳು.

ಬೀದಿಯ ಆಚೆ ಬದಿ ಬ್ರೆಜಿಲ್, ಈಚೆ ಉರುಗ್ವೆ. ಅಲ್ಲಿಯ ಚಿತ್ರ ಇಲ್ಲಿಯ ಟೀವಿಯಲ್ಲಿ ಬರೀ ಕಪ್ಪು ಬಿಳುಪು. ಅಲ್ಸೀಡಿಸ್ ಮನೆಯಲ್ಲೇ ಕೂತು ಊರವರ ಟೀವಿಗಳಿಗೆ ಆಚೆಯ ಸಿಗ್ನಲ್ಲಿಗೆ ಹೊಂದುವ ಇನ್ನೊಂದು ಹರಳು, ಒಂದು ಸ್ವಿಚ್ಚು ಬೆಸೆದು ಬಣ್ಣ ಬರಿಸುತ್ತಿದ್ದ.

“ಊರಿಗೆಲ್ಲ ಬಣ್ಣ, ಸ್ವಂತ ಮಗನಿಗೆ ಮಾತ್ರ ಬೂದಿ!” ಆಚೆ ಬದಿಯಿಂದ ಬಂದಿದ್ದ ಸೋದರಮಾವ ದಿಯೋಕ್ಲೇಸಿಯೊ ಗೊಣಗಿದ. “ಆ ಟೇಪು ನಾನೇ ತೆಗ್ದಿದ್ದು, ನಮ್ಮ ಕಡೆ ಕ್ಯಾಮೆರಾದಲ್ಲಿ. ಬಣ್ಣ ಎಲ್ಲಿಗೆ ಹೋಗತ್ತೆ?”

“ಸುಮ್ನಿರು ಮಾವ. ಅದಕ್ಕೇ ತಾನೆ ಅಪ್ಪನ ಕೆಲಸದ ಕೋಣೆ ಟೀವೀನೇ ಹೊತ್ಕೊಂಡು ಬಂದಿದೀನಿ.”

*

ಅಣ್ಣ ವಿಲ್ಮರ್ ಕಡಲ ಪಾಲಾದ ಮರುವರ್ಷ ನೈರ್‌ಗೆ ಹನ್ನೆರಡು. ಅಪ್ಪನ ಕೋಣೆಗೆ ನುಗ್ಗಿದಾಗ ಅವನು ಟಕ್ಕನೆ ಟೀವಿ ಆರಿಸಿದ್ದ. ಕಣ್ಣು ಕೆಂಪಗಿದ್ದವು.

“ಈ ಟೇಪಿನ ಬಣ್ಣ ಸತ್ತೋಗಿದೆ ಮಗಳೇ. ಏನ್ ಮಾಡಿದ್ರೂ ಬರಲ್ಲ. ಅಮ್ಮನಿಗೂ ಹಾಗೇ ಹೇಳು.”

ಅಮ್ಮ ಹದಿನೆಂಟು ವರ್ಷ ಆ ಬೂದು ಚಿತ್ರವನ್ನೇ ನೋಡಿದಳು. ಸಿಕ್ಕಸಿಕ್ಕವರಿಗೆಲ್ಲ ಒಂದೇ ಮಾತು: “ದಡದಲ್ಲಿ ಹಸಿರು ಬಾವುಟ ಇತ್ತು. ಅದನ್ನ ನೋಡಿಯೇ ನಾನು ಅವನನ್ನ ನೀರಿಗೆ ಕಳ್ಸಿದ್ದು.”

*

ಸ್ವಿಚ್ಚು ಬೆರಳಿಗೆ ಸಿಕ್ಕಿತು. ಪರದೆಯ ಮೇಲಿನ ಬೂದು ಕಡಲು ನೀಲಿಯಾಯಿತು. ವಿಲ್ಮರನ ಚಡ್ಡಿ ಹಳದಿ. ಅವನ ಹಿಂದೆ, ಕಂಬದ ಮೇಲೆ, ಪಟಪಟ ಹೊಡೆದುಕೊಳ್ಳುತ್ತಿದ್ದ ಬಾವುಟ ಕೆಂಪು. ಯಾರೂ ನೀರಿಗೆ ಇಳಿಯಬಾರದೆನ್ನುವ ಕೆಂಪು.

“ಅಯ್ಯೋ ದೇವರೇ, ತೆಗೀವಾಗ ನಾನೂ ಗಮನಿಸ್ಲಿಲ್ವಲ್ಲ,” ಎಂದ ಮಾವ. ಅಪ್ಪನ ಹದಿನೆಂಟು ವರ್ಷದ ಸುಳ್ಳು ಯಾಕೆಂದು ನೈರ್‌ಗೆ ಆಗ ತಿಳಿಯಿತು.

ಬಾಗಿಲಲ್ಲಿ ಅಮ್ಮನ ಹೆಜ್ಜೆ. “ಬಂತಾ ಬಣ್ಣ?”

ನೈರ್ ಸ್ವಿಚ್ಚು ಒತ್ತಿದಳು. ಚಿತ್ರ ಮತ್ತೆ ಬೂದಾಯಿತು. “ಇಲ್ಲಮ್ಮ. ಸತ್ತೇ ಹೋಗಿದೆ.”



“ಹೋಗ್ಲಿ ಬಿಡು.” ಎರ್ಸೀಲಿಯಾ ಪೆಟ್ಟಿಗೆಯ ಅಂಚು ಹಿಡಿದು ಗಂಡನ ಕಡೆ ಬಾಗಿದಳು. “ನೋಡಿ, ಬಾವುಟ ಹಸಿರೇ ಇದೆ. ನಾನು ಹೇಳ್ತಿರ್ಲಿಲ್ವಾ? ನೀವು ಒಂದಿನಾನೂ ಹೌದು ಅನ್ಲಿಲ್ಲ.”

“ಹಸಿರೇ ಅಕ್ಕ,” ಎಂದ ಮಾವ.

ಪರದೆಯ ಮೇಲೆ ಹುಡುಗ ತಿರುಗಿ ನೋಡಿ ನಕ್ಕ. ದಡದಲ್ಲಿದ್ದ ಆಗಿನ ಎರ್ಸೀಲಿಯಾ ಅವನತ್ತ ಕೈಬೀಸಿದಳು. ಪೆಟ್ಟಿಗೆಯ ಪಕ್ಕ ನಿಂತಿದ್ದ ಮುದುಕಿಯ ಕೈಯೂ ಮೇಲೆದ್ದಿತು.

“ಹೋಗು ಮಗನೇ, ಹೋಗು,” ಎಂದಳು ಅವಳು. ಹುಡುಗ ಬೂದು ನೀರಿನೊಳಕ್ಕೆ ಓಡಿದ.