ಕಾರಿನ ಜೊತೆ ಬಾರದ ತೆರಿಗೆ

ಸೋಮವಾರ ಬೆಳಿಗ್ಗೆ ಎಂಟೂವರೆ. ಬ್ರೇಕ್ ಮೇಷ್ಟ್ರ ಮನೆ ಮುಂದೆ ನಿಂತಿದ್ದ ಬಿಳಿ ಕಾರಿಗೆ ಹಿಂದಿನ ಸಂಜೆಯಿಂದ ತೆರಿಗೆ ಇರಲಿಲ್ಲ. ಆ ಹೊತ್ತಿಗೆ ಈ ಸಂಗತಿ ತೆರಿಗೆ ಕಚೇರಿಯ ಕಂಪ್ಯೂಟರಿಗೆ ಮಾತ್ರ ಗೊತ್ತಿತ್ತು.

ಮೇಷ್ಟ್ರು ಡ್ರೈವಿಂಗ್ ಶಾಲೆ ನಡೆಸುವವರು. ಕಲಿಯಲು ಬಂದವರು ಗೇರು ಹಾಕುವ ಮೊದಲೇ ಇವರ ಕಾಲು ತಮ್ಮ ಬದಿಯ ಬ್ರೇಕಿನ ಮೇಲಿರುತ್ತಿತ್ತು. ಆ ಹೆಸರು ಬಂದದ್ದು ಹಾಗೆ. ಮನೆಯ ಮುಂದಿನ ಕೋಣೆಯೇ ಆಫೀಸು. ಒಂದು ಮೇಜು, ಒಂದು ತಿರುಗುವ ಕುರ್ಚಿ, ಎದುರಿಗೆ ಕಲಿಯುವವರ ಬೆಂಚು. ಬಾಗಿಲ ಮೇಲೆ ಬೋರ್ಡು: ‘ನಿಯಮ ಗೊತ್ತಿರಲಿಲ್ಲ ಎನ್ನುವುದು ಉತ್ತರವಲ್ಲ’. ಬೀದಿಯಲ್ಲಿ ಯಾರಾದರೂ ಗಾಡಿಯನ್ನು ಒಂದು ಗೇಣು ಓರೆಯಾಗಿ ನಿಲ್ಲಿಸಿದರೆ ಸಾಕು, ಮೇಷ್ಟ್ರು ಕಾಫಿ ಲೋಟ ಹಿಡಿದುಕೊಂಡೇ ಹೊರಗೆ ಬಂದು ಪಾಠ ಶುರುಮಾಡುತ್ತಿದ್ದರು.

ಬಿಳಿ ಕಾರು ಶಾಲೆಯ ಹಳೇ ಗಾಡಿ. ಹೊಸದೊಂದು ಬಂದಮೇಲೆ ಮೇಷ್ಟ್ರು ಅದರ ಎರಡನೇ ಬ್ರೇಕನ್ನು ತೆಗೆಸಿ, ತೂತಿಗೆ ರಬ್ಬರ್ ತುಂಡು ಮೆತ್ತಿಸಿ, ತಂಗಿಗೆ ಮಾರಿದ್ದರು. ತಂಗಿ ನರ್ಸ್. ವರ್ಷಗಟ್ಟಲೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡಿ ಬೇಸತ್ತು, ಈಗ ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರ ಗಾಯಕ್ಕೆ ಪಟ್ಟಿ ಕಟ್ಟುವ ಹಗಲಿನ ಕೆಲಸ ಗಿಟ್ಟಿಸಿಕೊಂಡಿದ್ದಳು. ಆ ಕೆಲಸಕ್ಕೆ ಸ್ವಂತ ಕಾರು ಬೇಕು. ಹಿರಿಯ ನರ್ಸ್ ಖಡಾಖಂಡಿತವಾಗಿ ಹೇಳಿದ್ದರು: ಸೋಮವಾರ ಹತ್ತು ಗಂಟೆಗೆ ಚಿಕಿತ್ಸಾಲಯದಲ್ಲಿ ಕಾರೂ ಇರಬೇಕು, ಕಾರಿನ ಕಾಗದಪತ್ರವೂ ಸರಿ ಇರಬೇಕು, ಇಲ್ಲವಾದರೆ ಕೆಲಸ ಬೇರೆಯವರಿಗೆ.

ಕಾರು ಮಾರುವ ಮೊದಲು ಮೇಷ್ಟ್ರು ಅದಕ್ಕೆ ಒಂದು ವರ್ಷದ ತೆರಿಗೆ ಕಟ್ಟಿದ್ದರು. ಬೆಲೆಯನ್ನಂತೂ ತಂಗಿ ಹಟಮಾಡಿ ಪೂರ್ತಿ ಕೊಟ್ಟಿದ್ದಳು; ತೆರಿಗೆಯಾದರೂ ಅಣ್ಣನ ಉಡುಗೊರೆಯಾಗಲಿ ಎಂದು. ಇದನ್ನು ತಂಗಿಗೆ ಹೇಳುವ ಮೊದಲೇ ಎದುರುಮನೆಯವರಿಗೆ, ಪಂಕ್ಚರ್ ಅಂಗಡಿಯವನಿಗೆ, ಪೇಪರ್ ಹಾಕುವವನಿಗೆ ಹೇಳಿ ಆಗಿತ್ತು. ಭಾನುವಾರ ಸಂಜೆ, ಕೆಲಸ ಬಾಕಿ ಇಟ್ಟುಕೊಂಡರೆ ಊಟ ಇಳಿಯದ ತಮ್ಮ ಸ್ವಭಾವದಂತೆ, ಕಾರು ಮಾರಿದ ಸುದ್ದಿಯನ್ನು ಫೋನಿನಲ್ಲೇ ತೆರಿಗೆ ಕಚೇರಿಗೆ ತಿಳಿಸಿಯೂ ಬಿಟ್ಟಿದ್ದರು.

ತಂಗಿ ಬಂದು ಕೈ ಚಾಚಿದಳು. “ಅಣ್ಣ, ಬೀಗದಕೈ.”

“ಕೊಡ್ತೀನಿ. ಮೊದಲು ಒಂದು ಸುತ್ತು.”

ಇದು ಶಾಲೆಯ ಕಟ್ಟಳೆ. ಯಾರೇ ಆಗಲಿ, ಕಾರಿನ ಸುತ್ತ ನಡೆದು, ಐದು ಮಾತು ಒಪ್ಪಿಸಿ, ಒಂದೊಂದನ್ನೂ ಮುಟ್ಟಿ ತೋರಿಸದೆ ಮೇಷ್ಟ್ರ ಜೇಬಿನಿಂದ ಬೀಗದಕೈ ಹೊರಬರುತ್ತಿರಲಿಲ್ಲ.

“ನನಗೂನಾ? ಇದೇ ಕಾರಲ್ಲಿ ಕಲಿತವಳು ನಾನು.”

“ಅದಕ್ಕೇ ಭಯ,” ಎಂದರು ಮೇಷ್ಟ್ರು.

ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ನಕ್ಕರು. “ಸುತ್ತು ಹಾಕಿಬಿಡೇ. ನನಗೆ ಬೀರುವಿನ ಬೀಗದಕೈ ಕೊಡೋಕೂ ಹೀಗೇ ಮಾಡ್ತಾರೆ.”

ತಂಗಿ ಶಾಲೆಯ ಹುಡುಗಿಯ ಹಾಗೆ ಕೈಕಟ್ಟಿಕೊಂಡು ಹೊರಟಳು. “ಟೈರು,” ಎಂದು ಟೈರನ್ನು ಒದ್ದಳು. “ದೀಪ. ಕನ್ನಡಿ. ಬ್ರೇಕು, ಒಂದೇ ಉಳಿದಿದೆ, ದೇವರು ದೊಡ್ಡವನು. ಕೊನೇದು ಕಾಗದಪತ್ರ.”

“ಕಾಗದಪತ್ರ ಬಿಡು, ವರ್ಷಪೂರ್ತಿ ತೆರಿಗೆ ಕಟ್ಟಿದೀನಲ್ಲ. ಕಣ್ಣು ಮುಚ್ಚಿ ಓಡಿಸು.”

“ಮೇಷ್ಟ್ರೇ, ಮುಟ್ಟಿ ತೋರಿಸದೆ ಬಿಡೋ ಹಾಗಿಲ್ಲ ಅಂತ ನೀವೇ ಹೇಳಿದ್ದು.” ತಂಗಿ ಫೋನು ತೆಗೆದು ತೆರಿಗೆ ಕಚೇರಿಯ ಆ್ಯಪಿನಲ್ಲಿ ಕಾರಿನ ನಂಬರ್ ಒತ್ತಿದಳು. ಪರದೆಯ ಮೇಲೆ ಕೆಂಪು ಅಕ್ಷರ ಬಂತು: ತೆರಿಗೆ ಇಲ್ಲ.

“ನೆಟ್‌ವರ್ಕ್ ಸರಿಯಿಲ್ಲ,” ಎಂದರು ಮೇಷ್ಟ್ರು.

ತಂಗಿ ಮತ್ತೆ ಒತ್ತಿದಳು. ಅದೇ ಕೆಂಪು. ಮೇಷ್ಟ್ರು ತಮ್ಮ ಫೋನಿನಲ್ಲಿ ನೋಡಿದರು. ಅವರ ಫೋನಿನಲ್ಲಿ ಕೆಂಪು ಇನ್ನೂ ಸ್ವಲ್ಪ ದೊಡ್ಡದಾಗಿ ಕಂಡಿತು.

“ನಿನ್ನೆ ಬೆಳಿಗ್ಗೆ ಇತ್ತು! ಕಾರಿನ ತೆರಿಗೆ ಕಾರಿನ ಜೊತೇನೇ ಹೋಗುತ್ತೆ. ಇಷ್ಟು ವರ್ಷದಿಂದ ಮಕ್ಕಳಿಗೆ ಹೇಳ್ಕೊಡ್ತಿರೋದು ಅದನ್ನೇ ತಾನೆ?”

ಹೆಂಡತಿ ಒಳಗಿನಿಂದ ಕರೆದರು. “ರೀ, ನಿಮ್ಮ ಕುರ್ಚಿ ಹಿಂದೆ ಗೋಡೆಗೆ ಏನೋ ಅಂಟಿಸಿದೀರಲ್ಲ, ಇದೇನು?”

ಅದು ತೆರಿಗೆ ಕಚೇರಿಯ ಸುತ್ತೋಲೆ. ಕಲಿಯುವವರಿಗೆ ಕಾಣುವಂತೆ ಹಾಕಿ ಎಂದು ಬರೆದಿದ್ದರಿಂದ, ಮೇಷ್ಟ್ರು ಅದನ್ನು ನಾಲ್ಕೂ ಮೂಲೆಗೆ ಅಂಟು ಹಚ್ಚಿ ಬೆಂಚಿನ ಎದುರಿಗೆ, ಅಂದರೆ ತಮ್ಮ ಬೆನ್ನ ಹಿಂದೆ, ನೀಟಾಗಿ ಹಾಕಿದ್ದರು. ಓದಿರಲಿಲ್ಲ. ಈಗ ಹೆಂಡತಿ ಗಟ್ಟಿಯಾಗಿ ಓದಿದರು. ಈ ತಿಂಗಳ ಮೊದಲ ತಾರೀಕಿನಿಂದ ವಾಹನದ ತೆರಿಗೆ ವಾಹನದ ಜೊತೆ ಹೋಗುವುದಿಲ್ಲ. ಮಾರಾಟ ತಿಳಿಸಿದ ಕ್ಷಣಕ್ಕೆ ಅದು ಮುಗಿಯುತ್ತದೆ. ಉಳಿದ ತಿಂಗಳುಗಳದ್ದು ಮಾರಿದವರಿಗೆ ಮರಳುತ್ತದೆ. ಕೊಂಡವರು ಹೊಸದಾಗಿ ಕಟ್ಟುವ ತನಕ ವಾಹನ ರಸ್ತೆಯಲ್ಲಿ ಓಡುವಂತಿಲ್ಲ, ನಿಲ್ಲುವಂತೆಯೂ ಇಲ್ಲ.

“ನಿಲ್ಲೋ ಹಾಗೂ ಇಲ್ವಾ?” ತಂಗಿ ಬೀದಿಯ ಕಡೆ ನೋಡಿದಳು. “ಅಂದ್ರೆ ನಿನ್ನೆ ಸಂಜೆಯಿಂದ ಈ ಬೋರ್ಡಿನ ಕೆಳಗೆ ನಿಂತಿರೋದು ಕಳ್ಳ ಗಾಡಿ. ದಂಡ ಬಿದ್ರೆ ಯಾರಿಗೆ?”

“ಮಾಲೀಕರಿಗೆ,” ಎಂದರು ಮೇಷ್ಟ್ರು, ಅಭ್ಯಾಸಬಲದಿಂದ.

“ಮಾಲೀಕಳು ನಾನಲ್ವಾ! ನಾನು ಚಿಕ್ಕವಳಿದ್ದಾಗ ನೀನು ಸೈಕಲ್ ಕೊಟ್ಟು ಅದರ ಗಂಟೆ ಬಿಚ್ಚಿಟ್ಕೊಂಡೆ. ಈಗ ಕಾರು ಕೊಟ್ಟು ತೆರಿಗೆ ಬಿಚ್ಚಿಟ್ಕೊಂಡೆ. ಒಂದಾದ್ರೂ ಪೂರ್ತಿ ಕೊಡೋ ಮಾರಾಯ.”

ಮೇಷ್ಟ್ರ ಕಿವಿ ಕೆಂಪಾಯಿತು. ದೀಪದ ಬುಡದಲ್ಲಿ ಕತ್ತಲೆ ಎನ್ನುವ ಗಾದೆಯನ್ನು ಅವರು ಬೇರೆಯವರಿಗೆ ಬೇಕಾದಷ್ಟು ಸಲ ಹೇಳಿದ್ದರು; ತಾವೇ ದೀಪವಾಗಿ ನಿಂತದ್ದು ಇದೇ ಮೊದಲು. “ನೀನು ಸುಮ್ನಿರು. ನಾನೇ ಮತ್ತೆ ಕಟ್ತೀನಿ. ಉಡುಗೊರೆ ಅಂದಮೇಲೆ ಉಡುಗೊರೆ.”

“ಅಣ್ಣ, ಆಗಲೇ ಒಂಬತ್ತು ಆಯ್ತು. ಅಲ್ಲಿಗೆ ಹೋಗೋಕೇ ಅರ್ಧ ಗಂಟೆ ಬೇಕು.”

ಮೇಷ್ಟ್ರು ಅಷ್ಟರಲ್ಲಿ ಕಚೇರಿಯ ಸಹಾಯವಾಣಿಗೆ ಫೋನು ಹಚ್ಚಿಯಾಗಿತ್ತು. ಅತ್ತ ಕಾಯಿಸುವ ಸಂಗೀತ ಮುಗಿಯುವ ತನಕ ಕಾರಿನ ಸುತ್ತ ತಾವೇ ಎರಡು ಸುತ್ತು ಹಾಕಿದರು. ಕೊನೆಗೆ ಹೆಣ್ಣುದನಿಯೊಂದು ಕೇಳಿಸಿತು.

“ಹೇಳಿ ಸರ್.”

“ನಾನು ಕಾರು ಮಾರಿದೀನಿ. ಅದರ ತೆರಿಗೆ ನಾನೇ ಕಟ್ಟಬೇಕು.”

“ಕಟ್ಟಬೇಕಾಗಿಲ್ಲ ಸರ್. ಮಾರಿದ್ದೀರಲ್ಲ.”

“ಕಟ್ಟಬೇಕಾಗಿಲ್ಲ ಅನ್ನೋದು ಗೊತ್ತಮ್ಮ, ಕಟ್ತೀನಿ ಅಂತಿದೀನಿ!”

ಇಂಥ ಮಾತು ಆ ಕಚೇರಿಯಲ್ಲಿ ಹೆಚ್ಚು ಕೇಳಿಬರುವುದಿಲ್ಲ. “ಸರ್, ಹೊಸ ನಿಯಮದಲ್ಲಿ ಮಾಲೀಕರ ಖಾತೆಯಿಂದಲೇ ಕಟ್ಟಬೇಕು. ಮಾಲೀಕರು ಯಾರು?”

“ತಂಗಿ.”

“ಪಕ್ಕದಲ್ಲಿದ್ದಾರಾ?”

“ಇದಾಳೆ. ನಗ್ತಿದಾಳೆ.”

“ಹಾಗಾದ್ರೆ ಫೋನ್ ಅವರಿಗೆ ಕೊಟ್ಟುಬಿಡಿ ಸರ್.”

ತಂಗಿ ಫೋನು ತೆಗೆದುಕೊಂಡು ಎರಡು ಮಾತು ಕೇಳಿಸಿಕೊಂಡಳು. ಮಾರಾಟದ ಚೀಟಿಯಲ್ಲಿರುವ ನಂಬರ್ ಹಾಕಿದರೆ ಫೋನಿನಲ್ಲೇ ಕಟ್ಟಬಹುದಂತೆ, ಎರಡು ನಿಮಿಷದ ಕೆಲಸ. ಅವಳು ಅಣ್ಣನತ್ತ ಕೈ ಚಾಚಿದಳು. “ಚೀಟಿ.”

ಚೀಟಿ ಮೇಷ್ಟ್ರ ಅಂಗಿಯ ಜೇಬಿನಲ್ಲಿತ್ತು. ಬೀಗದಕೈಯ ಜೊತೆ ಅದನ್ನೂ ಕೊಟ್ಟು ನಾಲ್ಕು ಒಳ್ಳೆಯ ಮಾತು ಹೇಳಬೇಕೆಂದು ಸಿದ್ಧಮಾಡಿಕೊಂಡಿದ್ದರು. ಆ ಮಾತುಗಳಲ್ಲಿ ಎರಡು ತೆರಿಗೆಯ ಬಗ್ಗೆ ಇದ್ದವು. ಕೈ ಜೇಬಿನ ತನಕ ಹೋಗಿ ಅಲ್ಲೇ ನಿಂತಿತು.

“ರೀ,” ಎಂದರು ಹೆಂಡತಿ, “ನಿಮ್ಮ ಮಾನ ಆಮೇಲೆ ಹುಡುಕಿದ್ರೂ ಸಿಗುತ್ತೆ. ಅವಳ ಕೆಲಸ ಹೋದ್ರೆ ಸಿಗಲ್ಲ.”

ಮೇಷ್ಟ್ರು ಚೀಟಿ ಕೊಟ್ಟರು. ತಂಗಿ ಮೆಟ್ಟಿಲ ಮೇಲೆ ಕೂತು ನಂಬರ್ ಒತ್ತಿದಳು. ಮೂವರೂ ಪರದೆಯ ಮೇಲೆ ಬಗ್ಗಿದರು. ಚಕ್ರ ಸುತ್ತಿತು, ನಿಂತಿತು, ಮತ್ತೆ ಸುತ್ತಿತು. ಹಸಿರು ಬಂತು.

“ಕಾಗದಪತ್ರ,” ಎಂದಳು ತಂಗಿ, ಹಸಿರನ್ನು ಬೆರಳಿನಿಂದ ಮುಟ್ಟಿ ತೋರಿಸುತ್ತ. “ಈಗ ಬೀಗದಕೈ ಕೊಡ್ತೀರಾ, ಮೇಷ್ಟ್ರೇ?”

ಕೊಟ್ಟರು. ಕೊಟ್ಟವರು ಹಾಗೇ ಪಕ್ಕದ ಸೀಟಿನಲ್ಲಿ ಹತ್ತಿ ಕೂತರು.

“ನೀನೆಲ್ಲಿಗೆ?”

“ದಾರಿ ತೋರ್ಸೋಕೆ.”

“ದಾರಿ ನನಗೆ ಗೊತ್ತು.”

“ತೆರಿಗೆ ನನಗೂ ಗೊತ್ತಿತ್ತು,” ಎಂದರು ಮೇಷ್ಟ್ರು.

ತಂಗಿ ಮೊದಲು ನಕ್ಕಳು, ಆಮೇಲೆ ಗಾಡಿ ತೆಗೆದಳು. ದಾರಿಯುದ್ದಕ್ಕೂ, ತಿರುವು ತಿರುವಿನಲ್ಲೂ, ಮೇಷ್ಟ್ರ ಬಲಗಾಲು ರಬ್ಬರ್ ತುಂಡನ್ನು ಒತ್ತುತ್ತಲೇ ಇತ್ತು. ಅವಳು ನೋಡಿದರೂ ನೋಡದವಳಂತೆ ಇದ್ದಳು. ಚಿಕಿತ್ಸಾಲಯದ ಅಂಗಳದಲ್ಲಿ ಕಾರು ನಿಂತಾಗ ಹತ್ತಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಹಿರಿಯ ನರ್ಸ್ ಬಂದು ನಂಬರ್ ಒತ್ತಿ ನೋಡಿ, ಔಷಧಿ ಚೀಲವನ್ನು ತಂಗಿಯ ಕೈಗಿಟ್ಟರು. ಮೇಷ್ಟ್ರು ಮನೆಗೆ ಬಸ್ಸಿನಲ್ಲಿ ಬಂದರು.

ಮುಂದಿನ ತಿಂಗಳು ತೆರಿಗೆಯ ಉಳಿಕೆ ಅವರ ಖಾತೆಗೆ ಮರಳಿತು. ಆ ದುಡ್ಡಿನಲ್ಲಿ, ಹಳೇ ಸೈಕಲ್ ಗಂಟೆಯ ಬಾಕಿಗೆಂದು, ತಂಗಿಯ ಕಾರಿಗೆ ಅವರು ಹೊಸ ಹಾರ್ನು ಹಾಕಿಸಿಕೊಟ್ಟರು. ಸುತ್ತೋಲೆ ಈಗ ಅವರ ಕುರ್ಚಿಯ ಎದುರಿನ ಗೋಡೆಯ ಮೇಲಿದೆ; ಅಂಟಿಸಿದ್ದು ಹೆಂಡತಿ.