ರೋಲರಿನ ಮೇಲೆ ಅಂಬಾಸಿಡರ್

ತೋಡಾರಿನ ಜಯಪ್ರಕಾಶನ ಶೆಡ್ಡಿನಲ್ಲಿ ಅಂಬಾಸಿಡರನ್ನು ರೋಲರುಗಳ ಮೇಲೆ ಹತ್ತಿಸಿ ಬೆಲ್ಟು ಬಿಗಿದಾಗ, ಧರ್ಣಪ್ಪನಿಗೆ ಯಾರನ್ನೋ ಆಸ್ಪತ್ರೆಯ ಮಂಚಕ್ಕೆ ಕಟ್ಟಿದ ಹಾಗೆ ಕಂಡಿತು. ಕಾರು ನಿಂತಲ್ಲೇ ಓಡಬೇಕು, ಹಿಂದಿನ ಚಕ್ರಗಳು ರೋಲರನ್ನು ತಿರುಗಿಸಬೇಕು, ಇಂಜಿನಿನಲ್ಲಿ ಎಷ್ಟು ಹಾರ್ಸ್‌ಪವರ್ ಉಳಿದಿದೆಯೆಂದು ಕಂಪ್ಯೂಟರು ಹೇಳಬೇಕು. ದುಬೈಯಲ್ಲಿ ಈ ವಿದ್ಯೆ ಕಲಿತ ಜಯಪ್ರಕಾಶ ಬರುವಾಗ ಯಂತ್ರವನ್ನೂ ತಂದಿದ್ದ. ಊರಿನವರ ಬಾಯಲ್ಲಿ ಅದು ಕಾರಿನ ಜಾತಕ ಹೇಳುವ ಮಿಷನ್.

ಕಾರು ಫರಂಗಿಪೇಟೆಯ ರಾಜೀವಿಯಕ್ಕನದು. ಮದುಮಗಳು ಹಾಲ್‌ಗೆ ಹಳೇ ಕಾರಿನಲ್ಲೇ ಬರಬೇಕೆಂಬ ಶೋಕಿ ಈಗ ಹುಟ್ಟಿಕೊಂಡಿದೆಯಲ್ಲ, ಅದರಿಂದಾಗಿ ಕಾರಿಗೂ ಅದರ ಡ್ರೈವರ್ ಧರ್ಣಪ್ಪನಿಗೂ ಮುದಿಪ್ರಾಯದಲ್ಲಿ ಪುರುಸೊತ್ತಿಲ್ಲ. ಮೊನ್ನೆ ಬೆಳ್ತಂಗಡಿಯ ಹಾಲ್ ಒಂದರ ಏರಿನಲ್ಲಿ ಮಾತ್ರ ಕಾರು ಮತ್ತೆ ಮತ್ತೆ ಆಫ್ ಆಯಿತು. ಮದುಮಗಳು ಇಳಿದು ಸೀರೆ ಎತ್ತಿಕೊಂಡು ನಡೆದಳು, ದಿಬ್ಬಣದವರು ಹಿಂದಿನಿಂದ ನೂಕಿದರು, ನೂಕದವರು ವಿಡಿಯೋ ಮಾಡಿದರು. "ಇಂಜಿನಲ್ಲಿ ದಮ್ಮಿಲ್ಲ ಅಕ್ಕ" ಎಂದುಬಿಟ್ಟಿದ್ದ ಧರ್ಣಪ್ಪ.

ಹಾಗಾದರೆ ಅಳೆಸಿ ನೋಡುವ, ಸತ್ತಿದ್ದರೆ ಗುಜರಿಗೆ ಕೊಡುವ ಎಂದಿದ್ದಳು ರಾಜೀವಿಯಕ್ಕ. ತನ್ನ ಎಡಗಾಲಿನ ವಿಷಯ ಮಾತ್ರ ಧರ್ಣಪ್ಪ ಯಾರಿಗೂ ಹೇಳಿರಲಿಲ್ಲ. ಮಳೆಗಾಲದಿಂದ ಅದು ಮರಗಟ್ಟುತ್ತಿತ್ತು. ಸಮ ರಸ್ತೆಯಲ್ಲಿ ಹೇಗೋ ಸುಧಾರಿಸುತ್ತಿತ್ತು. ಏರಿನಲ್ಲಿ ಕ್ಲಚ್ಚನ್ನು ಅರ್ಧಕ್ಕೆ ಹಿಡಿಯಬೇಕಾದಾಗ ಪಾದ ತನ್ನಷ್ಟಕ್ಕೆ ಜಾರಿಬಿಡುತ್ತಿತ್ತು.

"ಕಾರ್ಬೊರೇಟರ್ ಮುಟ್ಟುವುದಿಲ್ಲ. ಬಂದ ಹಾಗೆಯೇ ಅಳೆಯುವ" ಎಂದ ಜಯಪ್ರಕಾಶ.

ಅವನು ಕಾರು ಹತ್ತುವ ಮೊದಲು ಧರ್ಣಪ್ಪ ಕಿಸೆಯಿಂದ ಲಿಂಬೆಹಣ್ಣು ತೆಗೆದು ನಾಲ್ಕೂ ಚಕ್ರದಡಿ ಇಟ್ಟ. ಮದುವೆಯ ಟ್ರಿಪ್ಪಿರಲಿ, ಟಯರು ಬದಲಿಸಿದ ದಿನವಿರಲಿ, ಲಿಂಬೆ ಜಜ್ಜದೆ ಅವನ ಕಾರು ಹೊರಟದ್ದಿಲ್ಲ. ಜಯಪ್ರಕಾಶನಿಗೂ ಅದು ತನ್ನೂರಿನದೇ ಪದ್ಧತಿ, ಬೇಡವೆನ್ನಲಿಲ್ಲ.

ಇಂಜಿನು ಶೆಡ್ಡಿನ ತಗಡು ನಡುಗುವಷ್ಟು ಅರಚಿತು. ಆಮೇಲೆ ಜಯಪ್ರಕಾಶ ಬೆವರು ಒರೆಸುತ್ತ ಪರದೆ ನೋಡಿ, ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ರಾಜೀವಿಯಕ್ಕನ ಕಡೆ ತಿರುಗಿದ.

"ಹತ್ತೊಂಬತ್ತು. ಚಕ್ರದಲ್ಲಿ ಮೂವತ್ತಾದರೂ ಬೇಕಿತ್ತು. ಇನ್ನು ಇದರಲ್ಲಿ ಏನೂ ಇಲ್ಲ ಅಕ್ಕ." ಇನ್ನೊಮ್ಮೆ ಓಡಿಸಿ ನೋಡುವ ಕ್ರಮ ಅವನಲ್ಲಿತ್ತು, ಆದರೆ ಆ ಸೆಖೆಗೆ ಒಂದೇ ಸಾಕೆನಿಸಿತು.

ಧರ್ಣಪ್ಪನ ಎದೆ ಹಗುರಾಯಿತು. ಬೇಸರವೂ ಆಯಿತು, ಆದರೆ ಮೊದಲು ಬಂದದ್ದು ಸಮಾಧಾನವೇ. ಬೆಲ್ಟು ಬಿಚ್ಚಲೆಂದು ಹಿಂದೆ ಬಗ್ಗಿದಾಗ ರೋಲರಿನ ಮೇಲೆ ಲಿಂಬೆಯ ಸಿಪ್ಪೆ ಕಂಡಿತು. ಸುತ್ತಲೂ ರಸ ಹರಡಿ ಲೋಳೆಯಾಗಿತ್ತು. ಟಯರಿನ ಮೈಮೇಲೆ ಜಾರಿದ ಗುರುತು ಹೊಳೆಯುತ್ತಿತ್ತು. ಚಕ್ರ ರೋಲರನ್ನು ಹಿಡಿದೇ ಇರಲಿಲ್ಲ.

ಅತ್ತ ರಾಜೀವಿಯಕ್ಕ ಗುಜರಿಯವನ ನಂಬರು ಹುಡುಕುತ್ತಿದ್ದಳು. ಸುಮ್ಮನಿದ್ದರೆ ಆಯಿತು, ಮಾನ ಉಳಿಯಿತು. ಧರ್ಣಪ್ಪ ಡಿಕ್ಕಿಯ ಮೇಲೆ ಕೈಯೂರಿದ. ಬಿಸಿಲಲ್ಲಿ ಬಂದ ತಗಡು ಇನ್ನೂ ಬೆಚ್ಚಗಿತ್ತು. ಅವನಿಗೆ ಸಾಕಾಗಿತ್ತು, ಏರಿನ ಹೆದರಿಕೆ, ಸುಳ್ಳು, ಎಲ್ಲವೂ ಸಾಕಾಗಿತ್ತು.

"ಜಯಣ್ಣ, ರೋಲರು ಒರೆಸಿ ಇನ್ನೊಮ್ಮೆ ನೋಡಿ. ನನ್ನ ಲಿಂಬೆಹಣ್ಣಿನಿಂದ ಚಕ್ರ ಜಾರಿದೆ."

ಜಯಪ್ರಕಾಶ ಬಗ್ಗಿ ನೋಡಿ ತಲೆ ಚಚ್ಚಿಕೊಂಡ. ರೋಲರನ್ನೂ ಟಯರನ್ನೂ ಸೋಪುನೀರಿನಲ್ಲಿ ತಿಕ್ಕಿ, ಒಣಗಿಸಿ, ಮತ್ತೆ ಓಡಿಸಿದ. ಈ ಸಲ ಮೂವತ್ತಾರು ಬಂತು.

"ಈ ಪ್ರಾಯದ ಗಾಡಿಗೆ ಭರ್ಜರಿ ಆಯ್ತು" ಎಂದ. "ಹಾಗಾದ್ರೆ ಆವತ್ತು ಏರಿನಲ್ಲಿ ನಿಂತದ್ದು ಯಾಕೆ ಮಾರಾಯ್ರೆ?"

ಧರ್ಣಪ್ಪ ಕಾಲಿನ ಕಡೆ ನೋಡಿದ. "ನನ್ನಿಂದ. ಎಡಗಾಲು ಕ್ಲಚ್ಚಲ್ಲಿ ನಿಲ್ಲುವುದಿಲ್ಲ ಅಕ್ಕ."

ರಾಜೀವಿಯಕ್ಕ ಮೊಬೈಲನ್ನು ಬ್ಯಾಗಿಗೆ ಹಾಕಿದಳು. "ಗೊತ್ತುಂಟು ಧರ್ಣಪ್ಪಣ್ಣ. ಇಳಿಯುವಾಗ ನೀವು ಕಾಲನ್ನು ಕೈಯಲ್ಲಿ ಎತ್ತಿ ಇಡುವುದು ನನಗೆ ಕಾಣುವುದಿಲ್ಲವಾ? ತಪ್ಪು ಇಂಜಿನ್‌ದೇ ಆಗಲಿ ಅಂತ ನನಗೂ ಆಸೆ ಇತ್ತು."

ಧರ್ಣಪ್ಪ ಕಾರಿನಿಂದ ಕೀ ತೆಗೆದು ಅವಳತ್ತ ಚಾಚಿದ. ಅವಳು ತೆಗೆದುಕೊಳ್ಳಲಿಲ್ಲ, ಜಯಪ್ರಕಾಶ ತೆಗೆದುಕೊಂಡ. "ಮನೆವರೆಗೆ ನಾನು ಬಿಡ್ತೇನೆ" ಎಂದ.

ರಾಜೀವಿಯಕ್ಕ ಹಿಂದಿನ ಬಾಗಿಲು ತೆರೆದು ಹಿಡಿದು ನಿಂತಳು. ಇಷ್ಟು ವರ್ಷ ಧರ್ಣಪ್ಪ ಮದುಮಗಳಂದಿರಿಗೆ ಹಿಡಿದ ಬಾಗಿಲು ಅದು. ಅವನು ಕಾಲನ್ನು ಕೈಯಲ್ಲಿ ಎತ್ತಿ ಒಳಗಿಟ್ಟು ಕುಳಿತ, ಈ ಸಲ ಮುಚ್ಚಿಡುವ ಗೋಜಿಗೆ ಹೋಗಲಿಲ್ಲ. ಶೆಡ್ಡಿನಿಂದ ರಸ್ತೆಗೆ ಸಣ್ಣದೊಂದು ಏರಿತ್ತು. ಜಯಪ್ರಕಾಶ ಕ್ಲಚ್ ಬಿಟ್ಟಾಗ ಕಾರು ಒಂದಿಷ್ಟೂ ಕುಲುಕದೆ ಹತ್ತಿತು.