ಲ್ಯಾಬಿನ ಬೀಗದಕೈ

ಸೇತುರಾಮ ಮೇಷ್ಟ್ರ ಬಾಯಿಂದ ‘ಗೊತ್ತಿಲ್ಲ’ ಎಂಬ ಮಾತು ಬಿದ್ದದ್ದನ್ನು ಕೇಳಿದವರು ಇಡೀ ಜಯನಗರದಲ್ಲಿ ಒಬ್ಬರೂ ಇರಲಿಲ್ಲ. ನಾಲ್ಕನೇ ಬ್ಲಾಕಿನ ಒಂದು ಕಾರ್ ಶೆಡ್ಡಿನಲ್ಲಿ ವರ್ಷಗಟ್ಟಲೆ ಸಿಇಟಿ ಟ್ಯೂಷನ್ ಹೇಳಿದವರು ಅವರು. ಹುಡುಗರು ಪ್ರಶ್ನೆ ಮುಗಿಸುವುದರೊಳಗೆ ಅವರ ಉತ್ತರ ಶುರುವಾಗಿರುತ್ತಿತ್ತು. ಗೊತ್ತಿದ್ದರೆ ಮೆಲ್ಲಗೆ ಹೇಳುತ್ತಿದ್ದರು, ಗೊತ್ತಿಲ್ಲದಿದ್ದರೆ ಗಟ್ಟಿಯಾಗಿ ಹೇಳುತ್ತಿದ್ದರು. ಗಟ್ಟಿಯಾಗಿ ಹೇಳಿದ್ದೇ ಹುಡುಗರಿಗೆ ಚೆನ್ನಾಗಿ ನೆನಪಿರುತ್ತಿದ್ದದ್ದರಿಂದ ಮೇಷ್ಟ್ರ ಹೆಸರಿಗೆ ಯಾವ ತೊಂದರೆಯೂ ಆಗಲಿಲ್ಲ.

ತೊಂಬತ್ತೆಂಟರಲ್ಲಿ ಶೆಡ್ಡಿನ ಮಾಲೀಕರು ಕಾರು ಕೊಂಡರು. ಶೆಡ್ಡು ಕಾರಿಗೆ ಬೇಕಾಯಿತು. ಮೇಷ್ಟ್ರು ಬೀದಿಗೆ ಬಿದ್ದ ಸುದ್ದಿ ತಿಳಿದದ್ದೇ ತಡ, ಅರೆಕೆರೆಯ ಒಳರಸ್ತೆಯ ಒಂದು ಖಾಸಗಿ ಶಾಲೆ ಅವರನ್ನು ಕರೆದು ಕೂರಿಸಿಕೊಂಡಿತು. ಪಿಯುಸಿಯವರೆಗೂ ತರಗತಿಗಳಿದ್ದ ಶಾಲೆ ಅದು. ಮಕ್ಕಳಿಗೆ ಇಂಜಿನಿಯರಿಂಗ್ ಸೀಟು ಸಿಗಲಿ ಎಂದು ಹರಕೆ ಹೊತ್ತ ಅಪ್ಪ ಅಮ್ಮಂದಿರಿಗೆ ಸೇತುರಾಮರು ಬಂದದ್ದು ದೇವರೇ ಬಂದಷ್ಟು ಸಂತೋಷವಾಯಿತು. ಪಾಠದ ವಿಷಯದಲ್ಲಿ ಮೇಷ್ಟ್ರಿಗೂ ಯಾವ ತಕರಾರಿರಲಿಲ್ಲ. ಅವರಿಗೆ ಅರ್ಥವಾಗದೆ ಹೋದದ್ದು ಆ ಶಾಲೆಯ ಶನಿವಾರದ ಪದ್ಧತಿ ಮಾತ್ರ.

ಪ್ರತಿ ಶನಿವಾರ ಬೆಳಿಗ್ಗೆ ಎಲ್ಲರೂ ಹೊಂಗೆ ಮರದಡಿ ಸೇರುತ್ತಿದ್ದರು. ಪ್ರಿನ್ಸಿಪಾಲ್ ಸೀತಾಲಕ್ಷ್ಮಿಯವರ ಮುಂದೆ ಹಳೆಯದೊಂದು ಬಿಸ್ಕತ್ತಿನ ಡಬ್ಬಿ. ವಾರವೆಲ್ಲ ಮಕ್ಕಳು ಅದರಲ್ಲಿ ಪ್ರಶ್ನೆ ಬರೆದು ಹಾಕಿರುತ್ತಿದ್ದರು. ಸರದಿಯಲ್ಲಿದ್ದ ಟೀಚರು ಒಂದು ಚೀಟಿ ಎತ್ತಿ ಓದಿ ಉತ್ತರ ಹೇಳಬೇಕು. ಹೇಳಿದರೆ ಚಪ್ಪಾಳೆ, ಅಲ್ಲಿಗೆ ಮುಗಿಯಿತು. ಟೀಚರು ‘ಗೊತ್ತಿಲ್ಲ’ ಎಂದರೆ ಮಾತ್ರ ಪ್ರಶ್ನೆ ಕೇಳಿದ ಮಗುವನ್ನು ಮುಂದೆ ಕರೆದು, ಕೆಂಪು ದಾರಕ್ಕೆ ಕಟ್ಟಿದ ಲ್ಯಾಬಿನ ಬೀಗದಕೈ ಕೊಡುತ್ತಿದ್ದರು. ಒಂದು ವಾರ ಶಾಲೆ ಬಿಟ್ಟ ಮೇಲೆ ಲ್ಯಾಬು ಆ ಮಗುವಿನದು. ಅಟೆಂಡರ್ ಗುಂಡಣ್ಣ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತಿರುತ್ತಿದ್ದ, ಬೆಂಕಿ ಗಿಂಕಿ ಹತ್ತೀತು ಎಂದು.

ಮೇಷ್ಟ್ರು ಬಂದ ಮೊದಲ ಶನಿವಾರವೇ ಸೌಮ್ಯ ಟೀಚರ ಸರದಿ. ಸೌಮ್ಯ ಎಂಎಸ್ಸಿ ಫಿಸಿಕ್ಸಿನಲ್ಲಿ ಚಿನ್ನದ ಪದಕ ತೆಗೆದವಳು. ಆರನೇ ಕ್ಲಾಸಿನ ಹುಡುಗಿಯ ಚೀಟಿ ಬಂತು: ಬಸ್ಸಿನಲ್ಲಿ ಹೋಗುವಾಗ ಮರಗಳೆಲ್ಲ ಹಿಂದೆ ಹೋಗುತ್ತವೆ, ಚಂದ್ರ ಮಾತ್ರ ಯಾಕೆ ನಮ್ಮ ಜೊತೆಯಲ್ಲೇ ಬರುತ್ತಾನೆ? ಸೌಮ್ಯ ಚೀಟಿಯನ್ನು ಎರಡು ಸಲ ಓದಿ, “ಗೊತ್ತಿಲ್ಲ” ಎಂದಳು. ಮಕ್ಕಳು ಹೋ ಎಂದು ಚಪ್ಪಾಳೆ ತಟ್ಟಿದರು. ಸೇತುರಾಮರಿಗೆ ಅವಳ ಪರವಾಗಿ ನಾಚಿಕೆಯಾಯಿತು. ಚಿನ್ನದ ಪದಕ ಯಾವ ಅಂಗಡಿಯದೋ ಎಂದುಕೊಂಡರು.

ಅವರ ಸರದಿ ಬಂದಾಗಲೆಲ್ಲ ಚೀಟಿಗಳು ಉದುರಿದವು. ಮಳೆಬಿಲ್ಲು ಯಾಕೆ ಬಾಗಿದೆ, ಸೊಳ್ಳೆ ಕಚ್ಚಿದರೆ ಯಾಕೆ ಕೆರೆತ, ಯಾವುದಕ್ಕೂ ಮೇಷ್ಟ್ರು ಸೋಲಲಿಲ್ಲ. ಸಿಇಟಿ ಬ್ಯಾಚಿನ ಹುಡುಗರಿಗೆ ಇದೊಂದು ಪಂದ್ಯವಾಗಿ ಹೋಯಿತು. “ಸೇತು ಸಾರ್ ಔಟಾಗೋದೇ ಇಲ್ಲ ಮಗಾ” ಎಂದು ಕಾರಿಡಾರಿನಲ್ಲಿ ಮಾತಾಡಿಕೊಳ್ಳುತ್ತಿದ್ದರು. ಅದು ಕಿವಿಗೆ ಬಿದ್ದ ದಿನ ಮೇಷ್ಟ್ರು ಕಾಫಿಗೆ ಸಕ್ಕರೆ ಹಾಕಿಕೊಳ್ಳದೆ ಕುಡಿದರೂ ಅವರಿಗೆ ಗೊತ್ತಾಗುತ್ತಿರಲಿಲ್ಲ.

ಆ ವರ್ಷವೇ ಒಂಬತ್ತನೇ ಕ್ಲಾಸಿಗೆ ಶ್ವೇತಾ ಎಂಬ ಹುಡುಗಿ ಸೇರಿದ್ದಳು. ಕೊಪ್ಪಳದ ಕಡೆಯವಳು. ಅಪ್ಪ ಹನಮಂತನಿಗೆ ಇಲ್ಲಿನ ಒಂದು ಆಫೀಸಿನಲ್ಲಿ ಕೆಲಸ, ಬಿಟಿಎಂನಲ್ಲಿ ಬಾಡಿಗೆ ಮನೆ. ಮಧ್ಯಾಹ್ನ ಊಟವಾದ ಮೇಲೆ ಈ ಹುಡುಗಿ ಆಟಕ್ಕೆ ಹೋಗದೆ ಲ್ಯಾಬಿನ ಕಿಟಕಿಯ ಗಾಜಿಗೆ ಮೂಗು ಒತ್ತಿ ನಿಂತಿರುತ್ತಿದ್ದಳು. ಗುಂಡಣ್ಣ ಗದರಿಸಿದಾಗ ಅವಳು ಹೇಳಿದ್ದು ಸೇತುರಾಮರ ಕಿವಿಗೂ ಬಿತ್ತು.

“ನಮ್ಮೂರ ಸಾಲ್ಯಾಗೂ ಲ್ಯಾಬ್ ಇತ್ರಿ ಅಣ್ಣಾರ. ಕಪಾಟಿಗೆ ಕೀಲಿ ಹಾಕಿದ್ರು. ಮೂರು ವರ್ಷ ಹೊರಗಿಂದನ ನೋಡೇನಿ. ಇಲ್ಲೆ ಒಮ್ಮೆ ಒಳಗ ಹೋಗ್ಬೇಕ್ರಿ, ನಾ ಒಬ್ಬಾಕೀನ.”

“ಡಬ್ಬಿಗೆ ಚೀಟಿ ಹಾಕಮ್ಮ” ಎಂದ ಗುಂಡಣ್ಣ. “ಅದೃಷ್ಟ ಇದ್ರೆ ಸಿಗುತ್ತೆ.”

ಅವಳು ಹಾಕಿದಳು. ಅದೃಷ್ಟವೋ ದುರದೃಷ್ಟವೋ, ಅದು ಸೇತುರಾಮರ ಕೈಗೇ ಬಂತು.

“ಜೋಳದ ಹಿಟ್ಟನ್ನು ಬಿಸಿನೀರಿನಲ್ಲಿ ಕಲಸಿದರೆ ರೊಟ್ಟಿ ಬರುತ್ತದೆ. ತಣ್ಣೀರಿನಲ್ಲಿ ಕಲಸಿದರೆ ತಟ್ಟುವಾಗಲೇ ಒಡೆಯುತ್ತದೆ. ಯಾಕೆ?”

ಮೇಷ್ಟ್ರು ಜನ್ಮದಲ್ಲಿ ಜೋಳದ ಹಿಟ್ಟು ಮುಟ್ಟಿದವರಲ್ಲ. ಅವರ ಪಾಲಿಗೆ ಹಿಟ್ಟು ಅಂದರೆ ಗೋಧಿ ಹಿಟ್ಟು, ರೊಟ್ಟಿ ಅಂದರೆ ಚಪಾತಿಯ ಅಣ್ಣನೋ ತಮ್ಮನೋ. ಗೋಧಿಯ ಬಗ್ಗೆ ಎಲ್ಲೋ ಓದಿದ್ದು ನೆನಪಿಗೆ ಬಂತು. ಗಂಟಲು ಸರಿಮಾಡಿಕೊಂಡು ಗಟ್ಟಿಯಾಗಿ ಹೇಳಿದರು: “ಹಿಟ್ಟಿನಲ್ಲಿ ಗ್ಲೂಟನ್ ಅಂತ ಒಂದು ಪದಾರ್ಥ ಇರುತ್ತೆ. ಅಂಟಿನ ಥರ. ಬಿಸಿನೀರು ತಾಗಿದ ತಕ್ಷಣ ಅದು ಜಾಲ ಕಟ್ಟುತ್ತೆ. ಅಷ್ಟೇ.”

ಚಪ್ಪಾಳೆ ಬಿತ್ತು. ಎಲ್ಲರ ಜೊತೆ ಶ್ವೇತಾಳೂ ತಟ್ಟಿದಳು, ಆದರೆ ಅವಳ ಮುಖ ಸಣ್ಣಗಾಗಿತ್ತು. ಮೊದಲ ಪೀರಿಯಡ್ ಮುಗಿದ ಮೇಲೆ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು.

“ಸರ, ಗೋಧಿ ಹಿಟ್ಟಾದ್ರ ಎಳದ್ರ ಎಳೀತೈತ್ರಿ. ಜ್ವಾಳದ್ದು ಎಳದ್ರ ಹರದ ಹೋಗ್ತೈತ್ರಿ. ಅದರಾಗೂ ಗ್ಲೂಟನ್ ಇರ್ತೈತ್ರಿ?”

“ಇರುತ್ತೆ, ಸ್ವಲ್ಪ ಕಮ್ಮಿ” ಎಂದರು ಮೇಷ್ಟ್ರು, ಪೇಪರಿನಿಂದ ತಲೆ ಎತ್ತದೆ.

“ಹೌದ್ರಿ ಸರ” ಎಂದು ಅವಳು ಹೋದಳು. ವಾದ ಮಾಡಿದ್ದರೆ ಗದರಿಸಿ ಮರೆತುಬಿಡಬಹುದಿತ್ತು. ಅವಳು ಒಪ್ಪಿಕೊಂಡು ಹೋದದ್ದೇ ಮೇಷ್ಟ್ರಿಗೆ ಚಪ್ಪಲಿಯೊಳಗಿನ ಕಲ್ಲಾಯಿತು. ಆ ಮಧ್ಯಾಹ್ನ ಕಿಟಕಿಯ ಹತ್ತಿರ ಯಾರೂ ನಿಂತಿರಲಿಲ್ಲ.

ಸಂಜೆ ಬನಶಂಕರಿಯ ಮನೆಯಲ್ಲಿ ಹೆಂಡತಿ ಸರ್ವಮಂಗಳಾ ತಿಂಡಿ ತಂದಿಟ್ಟರು. ಮೇಷ್ಟ್ರು ಮೊದಲ ತುತ್ತಿಗೇ ತಮ್ಮ ಪ್ರತಾಪ ಹೇಳಿಕೊಂಡರು, ಜೋಳದ ಪ್ರಶ್ನೆಗೆ ಹೇಗೆ ಉತ್ತರ ಕೊಟ್ಟೆ ಎಂದು.

ಸರ್ವಮಂಗಳಾ ಕೇಳಿಸಿಕೊಂಡರು. “ಈಗ ನೀವು ತಿಂತಿರೋದು ಏನು?”

“ಅಕ್ಕಿ ರೊಟ್ಟಿ.”

“ಅದಕ್ಕೂ ನಾನು ಬಿಸಿನೀರೇ ಹಾಕೋದು. ತಣ್ಣೀರಾದ್ರೆ ಬಿರುಕು ಬಿಡುತ್ತೆ. ಅಕ್ಕೀಲೂ ಇದೆಯಾ ನಿಮ್ಮ ಗ್ಲೂಟನ್ನು?”

ಮೇಷ್ಟ್ರ ಕೈ ತಟ್ಟೆಯಲ್ಲೇ ನಿಂತಿತು. ಇಲ್ಲ ಎಂಬುದು ಅವರಿಗೆ ಗೊತ್ತಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಮದುವೆಯಾದಾಗಿನಿಂದ ತಿಂದದ್ದೇ ಅಕ್ಕಿ ರೊಟ್ಟಿ, ಒಂದು ದಿನವೂ ಯಾಕೆ ಎಂದು ಕೇಳಿಕೊಂಡಿರಲಿಲ್ಲ. “ಮತ್ತೆ ಯಾಕೆ ಹಂಗಾಗುತ್ತೆ?” ಎಂದು ಹೆಂಡತಿಯನ್ನು ಕೇಳಿದರು. “ನನಗೇನು ಗೊತ್ತು? ನಮ್ಮಮ್ಮ ಮಾಡ್ತಿದ್ರು, ನಾನೂ ಮಾಡ್ತೀನಿ” ಎಂದು ಅವರು ಲೋಟ ತೊಳೆಯಲು ಹೋದರು.

ಭಾನುವಾರ ಬೆಳಿಗ್ಗೆ ಸೇತುರಾಮರು ಕತ್ರಿಗುಪ್ಪೆಯ ಗಿರಣಿಗೆ ಹೋಗಿ ಜೋಳದ ಹಿಟ್ಟು ತಂದರು. ಯಾರಾದರೂ ಹಳೆಯ ಶಿಷ್ಯರು ಕಂಡಾರೆಂದು ಚೀಲವನ್ನು ಪೇಪರಿನಲ್ಲಿ ಸುತ್ತಿಕೊಂಡು ಬಂದರು. ತಣ್ಣೀರಿನಲ್ಲಿ ಕಲಸಿದರು, ತಟ್ಟಿದರು, ಒಡೆಯಿತು. ಬಿಸಿನೀರಿನಲ್ಲಿ ಕಲಸಿದರು, ಕೈ ಸುಟ್ಟುಕೊಂಡರು, ಆದರೆ ರೊಟ್ಟಿ ನಿಂತಿತು. ಉಗುರುಬೆಚ್ಚಗಿನ ನೀರಾದರೆ? ಒಡೆಯಿತು. ಟ್ಯೂಷನ್ ಕಾಲದ ಥರ್ಮಾಮೀಟರು ಹುಡುಕಿ ತೆಗೆದರು. ಪಾತ್ರೆಯಲ್ಲಿ ಹಿಟ್ಟು ನೀರು ಕಲಸಿ ಒಲೆಯ ಮೇಲಿಟ್ಟು ಕೈಯಾಡಿಸುತ್ತ ಕೂತರು. ಬಹಳ ಹೊತ್ತು ಅದು ಬರೀ ಕದಡಿದ ನೀರಾಗಿತ್ತು. ಬಿಸಿ ಒಂದು ಹದಕ್ಕೆ ಏರಿದ್ದೇ, ಇದ್ದಕ್ಕಿದ್ದಂತೆ ಗಟ್ಟಿಯಾಗಿ ಸೌಟು ಹಿಡಿಯತೊಡಗಿತು. ಗೋಡೆಗೆ ಪೋಸ್ಟರ್ ಹಚ್ಚುವವರು ಹಿಟ್ಟು ಕುದಿಸಿ ಗೋಂದು ಮಾಡಿಕೊಳ್ಳುವುದನ್ನು ಮೇಷ್ಟ್ರು ಸಾವಿರ ಸಲ ನೋಡಿದ್ದರು. ಅದೇ ಇದು. ಹಿಟ್ಟಿನೊಳಗಿನ ಪಿಷ್ಟದ ಕಣಗಳು ಬಿಸಿಗೆ ನೀರು ಕುಡಿದು ಉಬ್ಬಿ ಗೋಂದಾಗುತ್ತವೆ, ಆ ಗೋಂದೇ ಉಳಿದ ಹಿಟ್ಟನ್ನು ಹಿಡಿದು ನಿಲ್ಲಿಸುತ್ತದೆ.

“ಸರ್ವಮಂಗಳಾ, ಬಾ ಇಲ್ಲಿ” ಎಂದು ಕೂಗಿದರು. ಅಡಿಗೆಮನೆಯ ಗೋಡೆಗೆಲ್ಲ ಹಿಟ್ಟು. ಹೆಂಡತಿ ಬೈಯುತ್ತಲೇ ಇದ್ದರು, ಮೇಷ್ಟ್ರು ನಗುತ್ತಲೇ ಇದ್ದರು. ಇಷ್ಟು ಸಂತೋಷವಾಗಿ ಎಷ್ಟು ಕಾಲವಾಗಿತ್ತೋ ಅವರಿಗೇ ನೆನಪಿರಲಿಲ್ಲ. ಬೇರೆಯವರು ಕಂಡುಹಿಡಿದ ಉತ್ತರಗಳನ್ನು ಹಂಚುವುದರಲ್ಲೇ ಆಯಸ್ಸು ಕಳೆದಿತ್ತು.

ಸೋಮವಾರ ಸ್ಟಾಫ್ ರೂಮಿನಲ್ಲಿ ಸೌಮ್ಯ ಒಬ್ಬಳೇ ಸಿಕ್ಕಳು. ಮೇಷ್ಟ್ರು ಸುತ್ತಿ ಬಳಸಿ ವಿಷಯಕ್ಕೆ ಬಂದರು.

“ಅಲ್ಲಮ್ಮ, ಆ ಚಂದ್ರನ ಪ್ರಶ್ನೆ. ನಿಮಗೆ ನಿಜವಾಗ್ಲೂ ಗೊತ್ತಿರ್ಲಿಲ್ವಾ?”

ಸೌಮ್ಯ ನಕ್ಕಳು. “ಸಾರ್, ಆ ಮಗು ಒಂದು ವಾರ ದೂರದ ಗೇಟಿನ ಹತ್ತಿರ ಟಾರ್ಚ್ ಹಚ್ಚಿಟ್ಟು, ಅದನ್ನೇ ನೋಡ್ತಾ ಕಾರಿಡಾರಿನ ಈ ತುದಿಯಿಂದ ಆ ತುದಿಗೆ ಓಡಾಡ್ತು. ಕೊನೆಗೆ ಅದೇ ಬಂದು ನಂಗೆ ಹೇಳ್ತು, ಮಿಸ್, ದೂರ ಇರೋದು ಹಿಂದೆ ಹೋಗಲ್ಲ ಅಂತ. ನಾನೇ ಹೇಳಿಬಿಟ್ಟಿದ್ರೆ ಚಪ್ಪಾಳೆ ತಟ್ಟಿ ಮನೆಗೆ ಹೋಗಿರೋದು.”

ಮೇಷ್ಟ್ರು ತಮ್ಮ ಕುರ್ಚಿಗೆ ಹೋಗಿ ಕೂತರು. ಚಿನ್ನದ ಪದಕದ ಬಗ್ಗೆ ತಾವು ಅಂದುಕೊಂಡದ್ದಕ್ಕೆ ಈಗ ತಮ್ಮ ಪರವಾಗಿಯೇ ನಾಚಿಕೆಯಾಯಿತು. ಈ ಶಾಲೆಯಲ್ಲಿ ‘ಗೊತ್ತಿಲ್ಲ’ ಎಂಬುದು ಸೋಲಲ್ಲ, ಮಕ್ಕಳಿಗೆ ಕೊಡುವ ಬಳುವಳಿ. ತಾವು ಬಂದ ಮೇಲೆ ತಮ್ಮ ಸರದಿಯಲ್ಲಿ ಒಂದು ಮಗುವಿಗೂ ಅದು ಸಿಕ್ಕಿರಲಿಲ್ಲ.

ವಾರವಿಡೀ ಅವರಿಗೆ ಅದೇ ಯೋಚನೆ. ತಪ್ಪನ್ನು ತಿದ್ದಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ತಿದ್ದುವುದಕ್ಕೆ ಎರಡು ದಾರಿಯಿತ್ತು. ಸರಿಯಾದ ಉತ್ತರ ಈಗ ಕೈಯಲ್ಲೇ ಇತ್ತು, ಅದೂ ತಾವೇ ಕಂಡುಕೊಂಡದ್ದು. ಅದನ್ನು ಹೇಳಿಬಿಟ್ಟರೆ ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗುವುದಿಲ್ಲ. ಹೇಳದಿದ್ದರೆ ಆ ಹುಡುಗಿಗೆ ಬೀಗದಕೈ ಸಿಗುತ್ತದೆ, ತಮ್ಮ ಹೆಸರು ಹೋಗುತ್ತದೆ. ಶುಕ್ರವಾರದವರೆಗೂ ಮೀಸೆಯೇ ಗೆಲ್ಲುತ್ತಿತ್ತು.

ಶನಿವಾರ ಸರದಿ ಬೇರೆಯವರದು. ಡಬ್ಬಿ ತೆರೆಯುವ ಮುಂಚೆ ಸೇತುರಾಮರು ಎದ್ದು ನಿಂತರು. ಸಿಇಟಿ ಹುಡುಗರು ಹಿಂದಿನ ಸಾಲಿನಲ್ಲಿ ಮೊಣಕೈ ತಿವಿದುಕೊಂಡರು.

“ಹೋದ ಶನಿವಾರ ಜೋಳದ ರೊಟ್ಟಿ ಬಗ್ಗೆ ನಾನು ಹೇಳಿದ ಉತ್ತರ ತಪ್ಪು” ಎಂದರು ಮೇಷ್ಟ್ರು. “ಜೋಳದಲ್ಲಿ ಗ್ಲೂಟನ್ ಇರೋದೇ ಇಲ್ಲ.”

ಸೀತಾಲಕ್ಷ್ಮಿಯವರು ಕನ್ನಡಕ ತೆಗೆದು ನೋಡಿದರು. “ಹಾಗಾದ್ರೆ ಸರಿಯಾದ ಉತ್ತರ ಏನು ಸಾರ್?”

ಉತ್ತರ ನಾಲಗೆಯ ತುದಿಯಲ್ಲಿತ್ತು. ಪಿಷ್ಟ, ಬಿಸಿ, ಗೋಂದು, ಪೋಸ್ಟರು, ಎಲ್ಲ ಸಾಲಾಗಿ ನಿಂತು ಕಾಯುತ್ತಿದ್ದವು. ಎಂಥ ಚಪ್ಪಾಳೆ ಬೀಳುತ್ತಿತ್ತು ಎಂಬುದೂ ಅವರಿಗೆ ಗೊತ್ತಿತ್ತು. ಒಂಬತ್ತನೇ ಕ್ಲಾಸಿನ ಸಾಲಿನಲ್ಲಿ ಶ್ವೇತಾ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಅವರನ್ನೇ ನೋಡುತ್ತಿದ್ದಳು.

“ಗೊತ್ತಿಲ್ಲ” ಎಂದರು ಸೇತುರಾಮರು.

ಮೊದಲು ಯಾರಿಗೂ ಕೇಳಿಸಿದ್ದು ನಂಬಿಕೆಯಾಗಲಿಲ್ಲ. ಆಮೇಲೆ ಎದ್ದ ಗದ್ದಲಕ್ಕೆ ಗೇಟಿನ ಹೊರಗಿದ್ದ ಎಳನೀರಿನವನು ಒಳಗೆ ಇಣುಕಿದ. “ಸೇತು ಸಾರ್ ಔಟ್ ಮಗಾ” ಎಂದು ಯಾರೋ ಹೇಳಿದರು. ಆ ಮಾತು ಮೇಷ್ಟ್ರಿಗೆ ಚುಚ್ಚಿತು, ಚುಚ್ಚಲಿಲ್ಲ ಎಂದರೆ ಸುಳ್ಳಾಗುತ್ತದೆ. ಶ್ವೇತಾ ಬಂದು ಬೀಗದಕೈ ತೆಗೆದುಕೊಂಡವಳೇ ಅದರ ಕೆಂಪು ದಾರವನ್ನು ಕೈಗೆ ಎರಡು ಸುತ್ತು ಬಿಗಿಯಾಗಿ ಸುತ್ತಿಕೊಂಡಳು. ಅದನ್ನು ನೋಡಿದ ಮೇಲೆ ಚುಚ್ಚಿದ ಜಾಗ ಅಷ್ಟು ನೋಯಲಿಲ್ಲ.

ಆ ವಾರ ಸಂಜೆಗಳಲ್ಲಿ ಲ್ಯಾಬಿನಿಂದ ಸುಟ್ಟ ಹಿಟ್ಟಿನ ವಾಸನೆ ಬರುತ್ತಿತ್ತು. ಮೇಷ್ಟ್ರು ಏನೋ ನೆಪ ಮಾಡಿಕೊಂಡು ಆ ಕಾರಿಡಾರಿನಲ್ಲೇ ಓಡಾಡುತ್ತಿದ್ದರು. ಒಳಗೆ ಹೋಗಲು ಗುಂಡಣ್ಣ ಬಿಡುತ್ತಿರಲಿಲ್ಲ. “ರೂಲ್ಸು ಸಾರ್. ಈ ವಾರ ಲ್ಯಾಬು ಆ ಮಗೂದು” ಎನ್ನುತ್ತಿದ್ದ. ಈಗ ಗಾಜಿಗೆ ಮೂಗು ಒತ್ತುವ ಸರದಿ ಮೇಷ್ಟ್ರದಾಯಿತು.

ವಾರದ ಕೊನೆಗೆ ಶ್ವೇತಾ ಬೀಗದಕೈ ಹಿಡಿದುಕೊಂಡು ಸ್ಟಾಫ್ ರೂಮಿಗೆ ಬಂದಳು. ಬಿಸಿಗೆ ಹಿಟ್ಟು ಗೋಂದಾಗುವುದನ್ನು ತಾನು ಹೇಗೆ ಕಂಡೆ ಎಂದು ಪೂರಾ ಹೇಳಿದಳು. ಮೇಷ್ಟ್ರು ಹೊಸದಾಗಿ ಕೇಳಿಸಿಕೊಳ್ಳುವವರಂತೆ ಹುಬ್ಬೇರಿಸಿದರು. ಅವಳು ಅವರ ಬೆರಳನ್ನು ನೋಡಿದಳು. ಬಿಸಿನೀರಿನಿಂದ ಸುಟ್ಟ ಗುರುತು ಇನ್ನೂ ಮಾಸಿರಲಿಲ್ಲ. ತನ್ನ ಬೆರಳಲ್ಲೂ ಅಂಥದ್ದೇ ಒಂದಿತ್ತು.

“ಇನ್ನೊಂದು ಐತ್ರಿ ಸರ” ಎಂದಳು. “ಹೊಸಾ ಹಿಟ್ಟಾದ್ರ ಚಲೋ ಜಿಗಿ ಬಂದು ಅಂಟಕೊಂತೈತ್ರಿ. ಬಹಳ ದಿನ ಇಟ್ಟ ಹಿಟ್ಟಾದ್ರ ಎಷ್ಟ ಕುದಿಯೋ ನೀರು ಹಾಕಿದ್ರೂ ಒಡೀತೈತ್ರಿ. ಅದ ಜ್ವಾಳ, ಅದ ಬಿಸಿ. ಯಾಕ್ರಿ ಸರ?”

ಹಳೆಯ ಅಭ್ಯಾಸ, ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಹಳೇ ಹಿಟ್ಟಿಗೆ ಏನಾಗುತ್ತದೆ? ಪಿಷ್ಟ ಎಲ್ಲಿಗೂ ಓಡಿಹೋಗುವುದಿಲ್ಲವಲ್ಲ.

“ಗೊತ್ತಿಲ್ಲಮ್ಮ” ಎಂದರು.

“ಖರೇನ ಗೊತ್ತಿಲ್ರಿ?”

ಮೇಷ್ಟ್ರಿಗೆ ಕಿವಿ ಬಿಸಿಯಾಯಿತು, ಆಮೇಲೆ ನಗು ಬಂತು. “ಈ ಸಲ ಖರೇನೇ” ಎಂದರು.

ಅವಳು ಬೀಗದಕೈಯನ್ನು ಮೇಜಿನ ಮೇಲಿಡಲು ಬಂದವಳು ಅದನ್ನು ಮತ್ತೆ ಮುಷ್ಟಿಯಲ್ಲಿ ಹಿಡಿದುಕೊಂಡಳು. “ಹಂಗಾದ್ರ ಕೀಲಿ ಇನ್ನೊಂದು ವಾರ ನನ್ನ ಕಡೇನ ಇರ್ತೈತ್ರಿ” ಎಂದು ಹೊರಟು, ಬಾಗಿಲಲ್ಲಿ ತಿರುಗಿ ನೋಡಿದಳು. “ನೀವೂ ಬರ್ರಿ ಸರ. ಗುಂಡಣ್ಣಾರಿಗೆ ನಾ ಹೇಳ್ತೀನಿ.”